ಕುತ್ತಿಗೆಗೂ ಒಂದು ಅಳತೆ ಇದೆ

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. 23 ವರ್ಷದಿಂದ ಬಂದವರಿಗೆಲ್ಲ ‘ಫ್ರಂಟ್ ನೆಕ್ ಎಷ್ಟಿಡ್ಲಿ, ಬ್ಯಾಕ್ ನೆಕ್ ಎಷ್ಟಿಡ್ಲಿ’ ಅಂತ ಕೇಳುತ್ತಾ ಬಂದಿದ್ದೇನೆ. ನನ್ನ ಸ್ವಂತ ನೆಕ್ ಕಡೆ ತಿರುಗಿ ನೋಡಿದ್ದು ಅದು ತಿರುಗದೇ ಹೋದ ದಿನ.

ದುಗ್ಗಮ್ಮನ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. ಆ ವರ್ಷ ಜಾತ್ರೆಗೆ ಹತ್ತು ದಿನ ಇತ್ತು. ನಲವತ್ತರ ಮೇಲೆ ಬ್ಲೌಸ್ ಬಾಕಿ ಇದ್ದವು. ರಾತ್ರಿ ಒಂದು ಗಂಟೆಗೆ ಮಲಗಿ ಐದೂವರೆಗೆ ಏಳಲು ಹೋದರೆ ತಲೆ ದಿಂಬಿನಿಂದ ಮೇಲಕ್ಕೆ ಬರಲಿಲ್ಲ. ಬಲಕ್ಕೆ ತಿರುಗಲು ನೋಡಿದೆ, ಕಿವಿಯ ಕೆಳಗಿನಿಂದ ಹೆಗಲಿನವರೆಗೂ ಯಾರೋ ದಾರ ಹಿಡಿದು ಎಳೆದ ಹಾಗಾಯಿತು. ಕೊನೆಗೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಎದ್ದೆ. ಮನೆಯವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು.

ಅವತ್ತಿನಿಂದ ಸುಮಾರು ಎರಡು ತಿಂಗಳು ನಾನು ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಬರೆಯುತ್ತಿದ್ದೇನೆ. ಕುತ್ತಿಗೆ ನೋವಿಗೆ ಏನು ಮಾಡಬೇಕು ಅಂತ ಹೇಳುವವರು ಓಣಿಗೆ ಹತ್ತು ಜನ ಸಿಗುತ್ತಾರೆ. ಅದನ್ನು ದಿನಾ ಬಿಡದೆ ಮಾಡುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಕಷ್ಟ ಆಗಿದ್ದು ಅದೇ.

ಮೊದಲು ಡಾಕ್ಟರ್ ಮಾತು ಮುಗಿಸಿಬಿಡೋಣ. ನೋವು ಕೈಗೆ ಇಳಿಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ, ಕೈಯಲ್ಲಿ ಹಿಡಿದ ವಸ್ತು ಜಾರುತ್ತಿದ್ದರೆ, ನಡಿಗೆ ತಪ್ಪುತ್ತಿದ್ದರೆ, ಮೂತ್ರದ ಮೇಲೆ ಹಿಡಿತ ತಪ್ಪಿದ್ದರೆ, ಬಿದ್ದೋ ಗಾಡಿ ಗುದ್ದಿಯೋ ನೋವು ಬಂದಿದ್ದರೆ, ಜ್ವರ ಇದ್ದು ಕುತ್ತಿಗೆ ಮರಗಟ್ಟಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ನನಗೆ ಅದ್ಯಾವುದೂ ಇರಲಿಲ್ಲ. ಸ್ನಾಯು ಹಿಡಿದಿದೆ ಅಷ್ಟೇ ಎಂದರು ಡಾಕ್ಟರ್. ಮೂಳೆ ಸವೆದಿರಬಹುದಾ ಅಂತ ಹೆದರಿಕೊಂಡು ಕೇಳಿದೆ. ವಯಸ್ಸಾದಂತೆ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಸವೆತ ಕಾಣುತ್ತೆ, ಅವರಲ್ಲಿ ಸುಮಾರು ಜನಕ್ಕೆ ನೋವೇ ಇರಲ್ಲ ಎಂದರು. ಇನ್ನೊಂದು ಮಾತು: ಕಟಿಂಗ್ ಶಾಪಿನಲ್ಲಿ ಕುತ್ತಿಗೆ ಹಿಡಿದು ‘ಲಟ್’ ಅಂತ ತಿರುಗಿಸುತ್ತಾರಲ್ಲ, ಅದು ಬೇಡವೇ ಬೇಡ. ಮಿದುಳಿಗೆ ರಕ್ತ ಹೋಗುವ ನಾಳಗಳು ಕುತ್ತಿಗೆಯ ಒಳಗೇ ಹಾದುಹೋಗುತ್ತವೆ. ನಮ್ಮ ಮನೆಯವರಿಗೆ ಆ ಚಟ ಇತ್ತು, ಬಿಡಿಸಿದ್ದೇನೆ.

ಕಾಗದ ಗೋಡೆಗೆ ಅಂಟಿತು, ನನಗೆ ಅಂಟಲಿಲ್ಲ

ಫಿಸಿಯೋಥೆರಪಿ ಮೇಡಂ ಒಂದು ಕಾಗದ ಕೊಟ್ಟರು. ಅದರಲ್ಲಿ ಎರಡೇ ವ್ಯಾಯಾಮ. ಒಂದು, ನೆಟ್ಟಗೆ ಕೂತು ಎದುರಿಗೆ ನೋಡುತ್ತಾ ಗದ್ದವನ್ನು ಹಿಂದಕ್ಕೆ ತಳ್ಳೋದು. ತಲೆ ಬಗ್ಗಿಸಬಾರದು, ಎತ್ತಲೂಬಾರದು. ಮೆಷಿನ್ ಟೇಬಲ್ಲಿನ ಡ್ರಾಯರ್ ಒಳಕ್ಕೆ ತಳ್ಳುತ್ತೀವಲ್ಲ, ಹಾಗೆ ಸೀದಾ ಹಿಂದಕ್ಕೆ. ಕನ್ನಡಿಯಲ್ಲಿ ನೋಡಿದರೆ ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿರುತ್ತೆ. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಬೇಕು. ಇನ್ನೊಂದು, ಬೆನ್ನಿನ ಮೇಲಿನ ಎರಡು ರೆಕ್ಕೆ ಮೂಳೆಗಳನ್ನು ಹತ್ತಿರ ತಂದು ಹಿಡಿಯೋದು. ಅದೂ ಐದು ಎಣಿಸುವಷ್ಟೇ. ಎರಡನ್ನೂ ಹತ್ತತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ನೋವು ಹೆಚ್ಚಾದರೆ ನಿಲ್ಲಿಸಬೇಕು.

ಮಾಡಿದರೆ ಐದು ನಿಮಿಷವೂ ಆಗದ ಕೆಲಸ. ಮೂರು ದಿನ ಮಾಡಿದೆ. ನಾಲ್ಕನೇ ದಿನ ಮರೆತೆ. ಐದನೇ ದಿನ ‘ನಿನ್ನೆ ಮಾಡಿಲ್ವಲ್ಲ, ಇವತ್ತು ಮಾಡಿ ಏನು’ ಅನ್ನಿಸಿತು. ಕಾಗದ ಗೋಡೆಯ ಮೇಲೆ ನನ್ನನ್ನೇ ನೋಡುತ್ತಾ ಇತ್ತು.

ನನ್ನ ತಂಗಿ ಬೆಳಗ್ಗೆ ಐದಕ್ಕೆ ಎದ್ದು ಯೋಗಕ್ಕೆ ಹೋಗುತ್ತಾಳೆ. ‘ಅಕ್ಕಾ, ನೀನೂ ಗಟ್ಟಿ ಮನಸ್ಸು ಮಾಡು’ ಎಂದಳು. ಮಾಡಿದೆ. ನನ್ನ ಮನಸ್ಸು ಅವಳ ಮನಸ್ಸಿನ ಥರ ಗಟ್ಟಿ ಆಗಲಿಲ್ಲ. ನಾನು ಸೋಮಾರಿ ಅಂದುಕೊಂಡು ಬೇಜಾರಾಯಿತು.

ಆಗ ಮಗಳು ಒಂದು ವಿಷಯ ಹೇಳಿದಳು. ಅವಳು ಬಿ.ಎ. ಓದುತ್ತಿದ್ದಾಳೆ, ಮನಃಶಾಸ್ತ್ರ ಒಂದು ವಿಷಯ. ಅಮೆರಿಕದಲ್ಲಿ ಕ್ರಿಸ್ಟೋಫರ್ ಪೀಟರ್ಸನ್, ಮಾರ್ಟಿನ್ ಸೆಲಿಗ್‌ಮನ್ ಅಂತ ಇಬ್ಬರು 2004ರಲ್ಲಿ ಮನುಷ್ಯರ ಒಳ್ಳೆಯ ಗುಣಗಳನ್ನು ಪಟ್ಟಿ ಮಾಡಿದರಂತೆ. ಒಟ್ಟು 24. ಕುತೂಹಲ, ಹಿಡಿದ ಕೆಲಸ ಬಿಡದಿರುವುದು, ಕರುಣೆ, ಹಾಸ್ಯ, ಎಲ್ಲರ ಜೊತೆ ಸೇರಿ ದುಡಿಯುವುದು, ಹೀಗೆ. ಮುಂದಿನ ವರ್ಷ ಅವರ ತಂಡ ಒಂದಷ್ಟು ಜನರಿಗೆ ‘ನಿಮ್ಮಲ್ಲಿ ಎದ್ದು ಕಾಣುವ ಗುಣವನ್ನು ಒಂದು ವಾರ ದಿನಾ ಒಂದೊಂದು ಹೊಸ ರೀತಿಯಲ್ಲಿ ಬಳಸಿ’ ಎಂದು ಹೇಳಿ ನೋಡಿತಂತೆ. ಹಾಗೆ ಮಾಡಿದವರ ಮನಸ್ಸು ಆರು ತಿಂಗಳ ನಂತರವೂ ಮೊದಲಿಗಿಂತ ಹಗುರವಾಗಿತ್ತಂತೆ.

‘ನಂದು ಯಾವ ಗುಣನೇ?’ ಅಂತ ಕೇಳಿದೆ.

‘ಅಮ್ಮಾ, ನೀನು ಹೇಳಿದ ದಿನಕ್ಕೆ ಬಟ್ಟೆ ಕೊಡದೇ ಇದ್ದದ್ದು ಯಾವತ್ತಾದ್ರೂ ಇದೆಯಾ?’ ಎಂದಳು.

ಇಲ್ಲ. ಒಮ್ಮೆ ಜ್ವರ ಇದ್ದಾಗಲೂ ಕೊಟ್ಟಿದ್ದೇನೆ. ಕರೆಂಟ್ ಇಲ್ಲದ ದಿನ ಮೋಟರ್ ಬೆಲ್ಟ್ ಬಿಚ್ಚಿ ಕಾಲಲ್ಲಿ ತುಳಿದು ಕೊಟ್ಟಿದ್ದೇನೆ. ಗಿರಾಕಿಗೆ ಮಾತು ಕೊಟ್ಟರೆ ಆಯಿತು. ನನಗೆ ಕೊಟ್ಟುಕೊಂಡ ಮಾತಿಗೆ ಮಾತ್ರ ಬೆಲೆ ಇರಲಿಲ್ಲ, ಯಾಕೆ ಅಂದರೆ ಅದನ್ನು ಎಲ್ಲೂ ಬರೆದಿರಲಿಲ್ಲ.

ಅವತ್ತೇ ಅಳತೆ ಪುಸ್ತಕ ತೆಗೆದೆ. ಹೊಸ ಪುಟ. ಗಿರಾಕಿ ಹೆಸರಿನ ಜಾಗದಲ್ಲಿ ‘ಕುತ್ತಿಗೆ’. ಅಡ್ವಾನ್ಸ್: ಡಾಕ್ಟರಿಗೆ ಕೊಟ್ಟ 400 ರೂಪಾಯಿ. ಕೊಡುವ ದಿನ: ಬಸವ ಜಯಂತಿ. ಎರಡು ಬ್ಲೌಸಿನ ಅಳತೆಗಳ ಮಧ್ಯೆ ಕುತ್ತಿಗೆ ಕೂತಿತು. ನಗು ಬಂತು. ಆದರೆ ಮಾರನೇ ದಿನ ಪುಸ್ತಕ ತೆಗೆದಾಗ ಅದು ಬಾಕಿ ಇರುವ ಆರ್ಡರ್ ಥರ ಕಂಡಿತು. ಬಾಕಿ ಇದ್ದರೆ ನನಗೆ ತಡೆಯೋಕೆ ಆಗಲ್ಲ.

ಗಡಿಯಾರ ನೋಡಿ ವ್ಯಾಯಾಮ ಮಾಡುವುದನ್ನೂ ಬಿಟ್ಟೆ. ಬಾಬಿನ್ ದಾರ ಮುಗಿದಾಗ ಮಾಡುವುದು ಅಂತ ಇಟ್ಟುಕೊಂಡೆ. ಬಾಬಿನ್ ಮುಗಿದರೆ ಹೇಗೂ ಮೆಷಿನ್ ನಿಲ್ಲಿಸಲೇಬೇಕು. ಹೊಸ ಬಾಬಿನ್ ಸುತ್ತೋಕೆ ಹಾಕಿ ಗದ್ದ ಹಿಂದಕ್ಕೆ. ಅದು ತುಂಬುವಷ್ಟರಲ್ಲಿ ಐದಾರು ಸಲ ಆಗುತ್ತೆ. ಮರೆಯೋ ಮಾತೇ ಇಲ್ಲ, ದಾರವೇ ನೆನಪು ಮಾಡುತ್ತೆ.

ನಿಮ್ಮ ಗುಣ ನನ್ನ ಗುಣ ಆಗಿರಬೇಕಿಲ್ಲ. ಹುಡುಕುವ ದಾರಿ ಹೇಳುತ್ತೇನೆ. ಯಾರೂ ನೆನಪು ಮಾಡದಿದ್ದರೂ ನೀವು ಮಾಡಿಬಿಡುವ ಕೆಲಸ ಯಾವುದು ನೋಡಿ. ಸುಸ್ತಾಗಿದ್ದರೂ ‘ಇದೊಂದು ಮುಗಿಸಿ ಮಲಗ್ತೀನಿ’ ಅನ್ನಿಸೋದು ಯಾವುದು ನೋಡಿ. ನಿಮಗೇ ತಿಳಿಯದಿದ್ದರೆ ಮನೆಯವರನ್ನು ಕೇಳಿ, ನಮ್ಮ ಬೈಗುಳದಲ್ಲೂ ನಮ್ಮ ಗುಣ ಇರುತ್ತೆ. ‘ಎಷ್ಟು ಮಾತಾಡ್ತೀಯೋ ಮಾರಾಯ’ ಅಂತ ಬೈಸಿಕೊಳ್ಳುವವನಿಗೆ ಜನರ ಜೊತೆಯೇ ಬಲ. ನಮ್ಮ ಮನೆಯವರು ಅಂಥವರು. ಅವರಿಗೆ ಪುಸ್ತಕ, ಲೆಕ್ಕ ಕೊಟ್ಟರೆ ಎರಡು ದಿನವೂ ನಡೆಯಲ್ಲ. ಊಟ ಆದ ಮೇಲೆ ಮೊಬೈಲ್ ಹಿಡಿದು ಕುತ್ತಿಗೆ ಬಗ್ಗಿಸಿ ಮಲಗುತ್ತಿದ್ದರು. ಈಗ ಪಕ್ಕದ ಮನೆಯವರ ಜೊತೆ ಪಾರ್ಕಿನ ತನಕ ಹರಟುತ್ತಾ ಹೋಗಿ ಬರುತ್ತಾರೆ. ಅತ್ತಿಗೆಗೆ ನನ್ನ ಪುಸ್ತಕದ ಉಪಾಯ ಹೇಳಿದ್ದೆ, ಅವರಿಂದ ಆಗಲಿಲ್ಲ. ಅವರು ಭಜನೆ ಹಾಡುವವರು. ಈಗ ಐದು ಎಣಿಸುವ ಬದಲು ಒಂದು ಸಾಲು ಮನಸ್ಸಲ್ಲೇ ಹಾಡುತ್ತಾರೆ. ಹತ್ತು ಸಾಲಿಗೆ ಹತ್ತು ಸಲ ಆಯಿತು.

ಗುಣವೇ ಮುಳುವಾಗುವುದೂ ಉಂಟು. ನನಗೆ ಹಠ ಜಾಸ್ತಿ. ಪುಸ್ತಕದಲ್ಲಿ ಬರೆದ ಮೊದಲ ದಿನವೇ ಬೇಗ ಮುಗಿಸಿಬಿಡೋಣ ಅಂತ ಒಂದೇ ಸಲಕ್ಕೆ ನಲವತ್ತು ಬಾರಿ ಗದ್ದ ತಳ್ಳಿದೆ. ರಾತ್ರಿ ನೋವು ಎರಡರಷ್ಟಾಯಿತು. ಕುತ್ತಿಗೆ ಅರ್ಜೆಂಟ್ ಆರ್ಡರ್ ತಗೊಳ್ಳಲ್ಲ.

ದಿಂಬಿನ ಅಳತೆ

ಹಗಲಿನದು ಒಂದು ದಾರಿಗೆ ಬಂತು. ಆದರೂ ಬೆಳಗ್ಗೆ ಎದ್ದಾಗ ಕುತ್ತಿಗೆ ಬಿಗಿ. ಅಂದರೆ ರಾತ್ರಿ ಏನೋ ತಪ್ಪಾಗುತ್ತಿದೆ. ದೊಡ್ಡವರ ತಲೆ 4.5ರಿಂದ 5 ಕೆಜಿ ತೂಗುತ್ತೆ. ಅದನ್ನು ಹಗಲೆಲ್ಲ ಏಳು ಸಣ್ಣ ಮೂಳೆಗಳು, ಸುತ್ತಲಿನ ಸ್ನಾಯುಗಳು ಹೊರುತ್ತವೆ. ರಾತ್ರಿ ದಿಂಬು ಆ ಭಾರ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಸ್ನಾಯುಗಳಿಗೆ ಓವರ್‌ಟೈಮ್.

ಮೊದಲು ಅಂಗಡಿಯಿಂದ ‘ಕುತ್ತಿಗೆ ನೋವಿನ ದಿಂಬು’ ಅಂತ 1,800 ರೂಪಾಯಿ ಕೊಟ್ಟು ತಂದೆ. ಇನ್ನೂ ಜಾಸ್ತಿ ನೋಯಿತು. ಟೇಪು ಹಿಡಿದು ನೋಡಿದರೆ ಅದರ ಎತ್ತರ ಆರು ಇಂಚು. ನನ್ನದು ಚಿಕ್ಕ ಭುಜ. 34 ಸೈಜಿನವಳಿಗೆ 40ರ ಬ್ಲೌಸ್ ಹಾಕಿದ ಹಾಗಾಗಿತ್ತು. ಆಗ ಹೊಳೆಯಿತು: ಊರಿಗೆಲ್ಲ ಅಳತೆ ತೆಗೆಯುವವಳು ದಿಂಬನ್ನು ರೆಡಿಮೇಡ್ ತಂದಿದ್ದೇನೆ!

ಅಳತೆ ಹೀಗೆ ತಗೊಳ್ಳಿ. ಪಕ್ಕಕ್ಕೆ ಮಲಗುವವರು ಗೋಡೆಗೆ ಒಂದು ಭುಜ ತಾಗಿಸಿ ನಿಲ್ಲಿ. ತಲೆ ನೆಟ್ಟಗಿರಲಿ. ಗೋಡೆಯಿಂದ ಕಿವಿಯ ಪಕ್ಕದವರೆಗೆ ಎಷ್ಟು ಜಾಗ ಇದೆ ಎಂದು ಬೇರೆಯವರಿಂದ ಅಳೆಸಿ. ನನ್ನದು ಐದು ಇಂಚು, ಮನೆಯವರದು ಆರೂವರೆ. ಮಲಗಿದಾಗ ಭುಜ ಹಾಸಿಗೆಯಲ್ಲಿ ಇಳಿಯುತ್ತೆ, ಅದಕ್ಕೆ ಒಂದಿಷ್ಟು ಕಳೆಯಬೇಕು. ನಮ್ಮದು ಹತ್ತಿ ಗಾದಿ, ಗಟ್ಟಿ. ಅರ್ಧ ಇಂಚು ಕಳೆದರೆ ಸಾಕಾಯಿತು. ಮೆತ್ತನೆಯ ಫೋಮ್ ಹಾಸಿಗೆಯವರು ಇನ್ನೂ ಜಾಸ್ತಿ ಕಳೆಯಬೇಕಾಗುತ್ತೆ.

ಅಂಗಾತ ಮಲಗುವವರು ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ಎದುರಿಗೆ ನೋಡುತ್ತಾ ನಿಲ್ಲಿ. ತಲೆಯ ಹಿಂದೆ ಉಳಿಯುವ ಜಾಗ ಸ್ವಲ್ಪವೇ, ಒಂದೆರಡು ಇಂಚು ಇರಬಹುದು. ದಿಂಬಿನ ಎತ್ತರವೂ ಅಷ್ಟೇ ಬೇಕಿರೋದು. ಎರಡು ದಿಂಬು ಪೇರಿಸಿ ಅಂಗಾತ ಮಲಗಿದರೆ ಗದ್ದ ಎದೆಗೆ ಬಂದು ಕೂರುತ್ತೆ, ರಾತ್ರಿಯೆಲ್ಲ ಕೂತು ಹೆಮ್ಮಿಂಗ್ ಮಾಡಿದ ಹಾಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಅಳತೆ ಅಂಗಡಿಯಲ್ಲಿಟ್ಟ ದಿಂಬಿನ ಎತ್ತರ ಅಲ್ಲ, ತಲೆ ಇಟ್ಟು ಅದು ಕುಗ್ಗಿದ ಮೇಲೆ ಉಳಿಯುವ ಎತ್ತರ. ಲೈನಿಂಗ್ ಬಟ್ಟೆಯನ್ನು ನೆನೆಸಿ, ಕುಗ್ಗಿಸಿ, ಆಮೇಲೆ ಕಟ್ ಮಾಡುತ್ತೀವಲ್ವಾ? ಹಾಗೇ ಇದು. ಅದಕ್ಕೇ ದುಡ್ಡು ಹಾಕುವ ಮೊದಲು ಬೆಡ್‌ಶೀಟಿನಲ್ಲಿ ಟ್ರಯಲ್ ನೋಡಿ. ಹಳೆಯ ಬೆಡ್‌ಶೀಟ್‌ಗಳನ್ನು ಮಟ್ಟಸವಾಗಿ ಮಡಿಚಿ ಒಂದರ ಮೇಲೊಂದು ಇಟ್ಟರೆ ಅವು ಅಷ್ಟಾಗಿ ಕುಗ್ಗಲ್ಲ. ನಿಮ್ಮ ಅಳತೆಗೆ ಪೇರಿಸಿ ಮೂರು ರಾತ್ರಿ ಮಲಗಿ. ಬೆಳಗ್ಗೆ ಕುತ್ತಿಗೆಯ ಯಾವ ಕಡೆ ಬಿಗಿ ಅನ್ನಿಸಿದರೂ ಒಂದು ಮಡಿಕೆ ತೆಗೆದು ನೋಡಿ, ಅದರಿಂದ ಸರಿಹೋಗದಿದ್ದರೆ ಸೇರಿಸಿ ನೋಡಿ. ಒಂದು ಸಲಕ್ಕೆ ಒಂದೇ ಮಡಿಕೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.

ಸರಿ ಇದೆಯೋ ಇಲ್ಲವೋ ಎಂದು ನೋಡಲು ನಾನು ಮಾಡಿದ್ದು ಕೇಳಿದರೆ ನಗುತ್ತೀರಿ. ನೈಟಿಯ ಬೆನ್ನ ನಡುವೆ ಮಗಳ ಕೈಯಲ್ಲಿ ಸೀಮೆಸುಣ್ಣದ ಗೆರೆ ಎಳೆಸಿದೆ. ಸೊಂಟದಿಂದ ಕತ್ತಿನವರೆಗೆ, ಬ್ಲೌಸಿನ ಬೆನ್ನಿಗೆ ಸೆಂಟರ್ ಗುರುತು ಹಾಕುವ ಹಾಗೆ. ಪಕ್ಕಕ್ಕೆ ಮಲಗಿದೆ. ಅವಳು ಹಿಂದಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದಳು. ಮೊದಲು ನನ್ನ ಹಳೆಯ ಎರಡು ದಿಂಬಿನ ಮೇಲೆ: ಗೆರೆ ಹೆಗಲವರೆಗೆ ನೆಟ್ಟಗೆ ಬಂದು, ಅಲ್ಲಿಂದ ತಲೆ ಕುಡುಗೋಲಿನ ಹಾಗೆ ಮೇಲಕ್ಕೆ ಬಾಗಿತ್ತು. ದಿಂಬೇ ಇಲ್ಲದೆ: ತಲೆ ಕೆಳಕ್ಕೆ ಜೋತುಬಿದ್ದಿತ್ತು. ನಾಲ್ಕೂವರೆ ಇಂಚಿನ ಬೆಡ್‌ಶೀಟಿನ ಮೇಲೆ: ಗೆರೆಯನ್ನು ಹಾಗೇ ಮುಂದುವರಿಸಿದರೆ ತುರುಬಿನ ನಡುವೆ ಹೋಗುವಂತಿತ್ತು. ಎಷ್ಟೋ ವರ್ಷ ಕುಡುಗೋಲಾಗಿ ಮಲಗಿದ್ದೆ ಅನ್ನೋದು ಆ ಫೋಟೋ ನೋಡಿದಾಗಲೇ ಗೊತ್ತಾಗಿದ್ದು.

ದಿಂಬು ಹೊಲಿಯೋದು

ಅಳತೆ ಸಿಕ್ಕ ಮೇಲೆ ಅದೇ ಎತ್ತರದ ದಿಂಬು ಕೊಂಡರೂ ನಡೆಯುತ್ತೆ. ನನ್ನ ಕೈ ಸುಮ್ಮನಿರಲಿಲ್ಲ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಗಿರಣಿ ಸದ್ದು ನಿಂತರೂ ಗಾದಿ ಮಾಡುವವರು ಇದ್ದಾರೆ. ನಮಗೆ ಗಾದಿ ಮಾಡಿಕೊಟ್ಟ ಚಾಚಾ ಹತ್ತಿರ ಹೋಗಿ ಅರಳೆ ಕೇಳಿದೆ. ‘ದಿಂಬು ಗಟ್ಟಿ ತುಂಬಿಸ್ಕೋಬೇಡವ್ವಾ, ಜನ ಕಲ್ಲಿನಂಗೆ ತುಂಬಿಸ್ಕೊಂಡು ಹೋಗಿ ಆಮೇಲೆ ನನ್ನ ಬೈತಾರೆ’ ಎಂದರು. ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ತಂದೆ.

ಕೋರಾ ಬಟ್ಟೆಯಲ್ಲಿ 16ಕ್ಕೆ 24 ಇಂಚಿನ ಚೀಲ, ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟು ಕಟ್ ಮಾಡಿದೆ. ಕುತ್ತಿಗೆ ಬರುವ ಉದ್ದನೆಯ ಅಂಚಿನಿಂದ ನಾಲ್ಕು ಇಂಚು ಒಳಗೆ, ಉದ್ದಕ್ಕೂ ಒಂದು ಹೊಲಿಗೆ. ಈಗ ಒಂದೇ ಚೀಲದಲ್ಲಿ ಎರಡು ಕೋಣೆ. ಕಿರಿದಾದ ಕೋಣೆಗೆ ಅರಳೆ ಒತ್ತಿ ತುಂಬಿದೆ, ಅದು ಕುತ್ತಿಗೆಯ ಹಳ್ಳಕ್ಕೆ ಕೂರುತ್ತೆ. ದೊಡ್ಡ ಕೋಣೆಗೆ ಸಡಿಲವಾಗಿ, ಅದು ತಲೆಗೆ. ಬಾಯಿ ಎರಡೂ ಒಂದೇ ಪಕ್ಕಕ್ಕೆ ಇರಲಿ, ಅಲ್ಲಿ ಜಿಪ್ ಹಾಕಿ. ಹೊಲಿದು ಮುಚ್ಚಿಬಿಡಬೇಡಿ. ನಾನು ಮೊದಲು ಮುಚ್ಚಿಬಿಟ್ಟು ನಾಲ್ಕು ಸಲ ಬಿಚ್ಚಿದೆ. ಮುಷ್ಟಿ ಅರಳೆ ತೆಗೆಯೋದು, ಮಲಗಿ ನೋಡೋದು, ಮತ್ತೆ ಹಾಕೋದು. ಹತ್ತಿ ದಿನ ಕಳೆದಂತೆ ಕೂರುತ್ತೆ, ಆಗಲೂ ಬಾಯಿ ಬೇಕು.

ಹೊಲಿಯೋಕೆ ಬಾರದವರು ತಲೆಕೆಡಿಸಿಕೊಳ್ಳಬೇಡಿ. ತೆಳು ದಿಂಬಿನ ಕವರಿನೊಳಗೆ, ಕುತ್ತಿಗೆ ಬರುವ ಅಂಚಿಗೆ ಒಂದು ಟವೆಲನ್ನು ಸುರುಳಿ ಸುತ್ತಿ ತೂರಿಸಿ. ಸುರುಳಿ ಕುತ್ತಿಗೆ ಕೆಳಗೆ ಬರಬೇಕು, ತಲೆ ಕೆಳಗೆ ಅಲ್ಲ. ಅಷ್ಟರಲ್ಲೇ ಎಷ್ಟೋ ಹಿತ.

ಮಲಗೋದು

ನನಗೆ ಬೋರಲು ಮಲಗುವ ಅಭ್ಯಾಸ ಇತ್ತು. ಕುತ್ತಿಗೆಗೆ ಅದಕ್ಕಿಂತ ಕೆಟ್ಟದ್ದಿಲ್ಲ, ಉಸಿರಾಡಲು ಮುಖವನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ ಗಂಟೆಗಟ್ಟಲೆ ಹಾಗೇ ಇರಬೇಕು. ಬಿಡೋಕೆ ಒಂದು ತಿಂಗಳು ಹಿಡಿಯಿತು. ಹಳೆಯ ದಿಂಬು ಒಂದನ್ನು ಎದೆಗೆ ಅಪ್ಪಿಕೊಂಡು ಪಕ್ಕಕ್ಕೆ ಮಲಗಿದೆ. ಬೋರಲು ಹೊರಳಲು ಹೋದರೆ ಅದು ಅಡ್ಡ ಬರುತ್ತೆ. ಇನ್ನೊಂದು ಹಳೆಯ ದಿಂಬು ಮಂಡಿಗಳ ಮಧ್ಯೆ, ಸೊಂಟ ತಿರುಚಿಕೊಳ್ಳದ ಹಾಗೆ. ಅಂಗಾತ ಮಲಗುವವರು ಅದನ್ನು ಮಂಡಿ ಕೆಳಗೆ ಇಟ್ಟುಕೊಳ್ಳಿ. ದಿಂಬಿನ ಮೇಲೆ ತಲೆ, ಕುತ್ತಿಗೆ ಮಾತ್ರ ಇರಬೇಕು. ಭುಜವನ್ನೂ ಹತ್ತಿಸಿದರೆ ತೆಗೆದ ಅಳತೆಯೆಲ್ಲ ದಂಡ.

ಏಳುವಾಗ ತಲೆಯನ್ನು ಮೊದಲು ಎತ್ತಬೇಡಿ. ಪಕ್ಕಕ್ಕೆ ಹೊರಳಿ, ಕೈ ಊರಿ, ಮೈ ಎದ್ದಂತೆ ತಲೆಯೂ ಏಳಲಿ. ಬಿಗಿ ಇದ್ದ ದಿನ ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಹದಿನೈದು ನಿಮಿಷ ಇಡುತ್ತೇನೆ. ಹಗಲು ನೆಲದ ಮೇಲೆ ಕೂತು ಕಟಿಂಗ್ ಮಾಡೋದು ಬಿಟ್ಟಿದ್ದೇನೆ, ಅದಕ್ಕೊಂದು ಎತ್ತರದ ಟೇಬಲ್ ಮಾಡಿಸಿದ್ದಾಯಿತು. ಕುತ್ತಿಗೆ ಪಟ್ಟಿ ಯಾರೋ ಕೊಟ್ಟಿದ್ದರು, ಡಾಕ್ಟರ್ ಬೇಡ ಎಂದರು. ದಿನಗಟ್ಟಲೆ ಕಟ್ಟಿಕೊಂಡಿದ್ದರೆ ಸ್ನಾಯು ಸೋಮಾರಿ ಆಗುತ್ತಂತೆ.

ಬಸವ ಜಯಂತಿ ಹೊತ್ತಿಗೆ ಕುತ್ತಿಗೆ ಎರಡೂ ಕಡೆಗೆ ತಿರುಗುತ್ತಿತ್ತು. ಪುಸ್ತಕದಲ್ಲಿ ‘ಡೆಲಿವರಿ ಆಯ್ತು’ ಅಂತ ಬರೆದು ಗೆರೆ ಎಳೆದೆ. ಬಾಬಿನ್ ಲೆಕ್ಕ ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಮದುವೆ ಸೀಸನ್ನಿನಲ್ಲಿ ಈಗಲೂ ಒಮ್ಮೊಮ್ಮೆ ಬಿಗಿ ಬರುತ್ತೆ, ಎರಡು ದಿನಕ್ಕೆ ಹೋಗುತ್ತೆ.

ಕುತ್ತಿಗೆ ಹಿಡಿದ ಮೊದಲ ದಿನವೇ ನಮ್ಮ ಅತ್ತೆ ‘ದಿಂಬು ಬಿಸಿಲಿಗೆ ಹಾಕು, ಹೋಗುತ್ತೆ’ ಎಂದಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ಮಾಳಿಗೆ ಮೇಲೆ ಹಾಕುತ್ತೇನೆ. ಬಿಸಿಲು ತಾಗಿದ ಹತ್ತಿ ಅರಳಿಕೊಳ್ಳುತ್ತೆ, ಕೂತುಹೋದ ದಿಂಬು ಮತ್ತೆ ಅಳತೆಗೆ ಬರುತ್ತೆ. ಅದನ್ನು ಅವರಿಗೆ ಹೇಳಿದೆ. ‘ನಾನು ಅವತ್ತೇ ಹೇಳಿದ್ದೆ’ ಎಂದರು. ಮೊನ್ನೆ ತಮ್ಮ ದಿಂಬನ್ನೂ ತಂದು ಕಟಿಂಗ್ ಟೇಬಲ್ ಮೇಲಿಟ್ಟು ಗೋಡೆಗೆ ಭುಜ ಕೊಟ್ಟು ನಿಂತರು. ನಾಲ್ಕೂ ಮುಕ್ಕಾಲು ಇಂಚು. ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಕೊಡುವ ದಿನ ಶುಕ್ರವಾರ.